ಬೋಟಿನ ಸ್ಟೀರಿಂಗ್ ಸಡಿಲವಾಗಿದೆ, ನಾನೇ ರಿಪೇರಿ ಮಾಡಲಾ?

ಪ್ರಶ್ನೆ: ನಾವು ಅಮೆರಿಕದ ಜಾರ್ಜಿಯಾದಲ್ಲಿ, ಅಟ್ಲಾಂಟಾದಿಂದ ಸ್ವಲ್ಪ ಉತ್ತರಕ್ಕೆ ಇದ್ದೇವೆ. ಎರಡು ವರ್ಷದ ಹಿಂದೆ 2001ರ ಮಾಡೆಲಿನ 19 ಅಡಿ ಬೋಟೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ 7,000 ಡಾಲರಿಗೆ ತಗೊಂಡೆ. 4.3 ಲೀಟರ್ ವಿ6 ಇಂಜಿನ್, ಮರ್‌ಕ್ರೂಸರ್ ಆಲ್ಫಾ ಒನ್ ಜೆನ್ 2 ಸ್ಟರ್ನ್‌ಡ್ರೈವ್ (ಬೋಟಿನ ಹಿಂದೆ ಹೊರಗಿರುವ ಪ್ರೊಪೆಲ್ಲರ್ ಭಾಗ), ಪವರ್ ಸ್ಟೀರಿಂಗ್. ಲೇಕ್ ಲೇನಿಯರ್‌ನಲ್ಲಿ ಓಡಿಸುತ್ತೇವೆ. ಈ ಬೇಸಿಗೆಯಿಂದ ಸ್ಟೀರಿಂಗ್ ಸಡಿಲ ಅನಿಸುತ್ತಿದೆ. ನಿಧಾನಕ್ಕೆ ಹೋಗುವಾಗ ಬೋಟಿನ ಮೂತಿ ಎಡಕ್ಕೂ ಬಲಕ್ಕೂ ಅಲೆಯುತ್ತದೆ. ಟ್ರೈಲರ್ ಮೇಲಿದ್ದಾಗ ಡ್ರೈವ್ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತದೆ. ದಿನವೆಲ್ಲ ಓಡಿಸಿ ಬಂದರೆ ಬಿಲ್ಜ್‌ನಲ್ಲಿ, ಅಂದರೆ ಬೋಟಿನ ಒಳಗಿನ ತಳದಲ್ಲಿ, ಒಂದೆರಡು ಚೊಂಬು ನೀರು ಇರುತ್ತದೆ. ಅಂಗಡಿಯವರು ಡ್ರೈವನ್ನು ಹಿಡಿದು ತಿರುಗಿಸುವ ಜಿಂಬಲ್ ರಿಂಗ್ ಸವೆದಿದೆ, ಇಂಜಿನ್ ಇಳಿಸಬೇಕು, 3,400 ಡಾಲರ್ ಆಗುತ್ತದೆ ಅಂದರು. ವಿಡಿಯೋಗಳಲ್ಲಿ ನೋಡಿದರೆ ಪಕ್ಕದಲ್ಲಿ ತೂತು ಕೊರೆದು, ಇಂಜಿನ್ ಮುಟ್ಟದೆ ಮುಗಿಸುತ್ತಾರೆ. ಕಾರಿನ ಬ್ರೇಕ್, ಸಸ್ಪೆನ್ಷನ್ ಎಲ್ಲ ನಾನೇ ಮಾಡಿಕೊಂಡಿದ್ದೇನೆ. ಹೆಂಡತಿ ಇದೊಂದು ಬೇಡ ಅನ್ನುತ್ತಿದ್ದಾಳೆ. ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಈ ಕೆಲಸ ನನ್ನ ಕೈಲಿ ಆಗುತ್ತಾ ಅನ್ನೋದು ಒಂದು. ಮಾಡಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಧೈರ್ಯವಾಗಿ ನೀರಿಗೆ ಇಳಿಯಬಹುದಾ ಅನ್ನೋದು ಇನ್ನೊಂದು. ಕಾರಿನ ಸಸ್ಪೆನ್ಷನ್ ಬಿಚ್ಚಿ ಜೋಡಿಸಿದವರಿಗೆ ಇದರ ನಟ್ಟು ಬೋಲ್ಟು ಕಷ್ಟವಲ್ಲ. ನೀವು ಯೋಚನೆ ಮಾಡಬೇಕಾದದ್ದು ಎರಡನೆಯದರ ಬಗ್ಗೆ. ಜೋಡಿಸಿದ ಕೀಲು ಗಟ್ಟಿಯಾಗಿದೆ ಅಂತ ನಿಮಗೆ ನೀವೇ ತೋರಿಸಿಕೊಳ್ಳಲು ಆಗಬೇಕು. ಅದು ಆಗುವಷ್ಟು ಕೆಲಸ ನೀವೇ ಮಾಡಿ. ಆಗದ ಭಾಗವನ್ನು ಇನ್ನೊಬ್ಬರ ಕೈಗೆ ಕೊಡಿ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬೋಟ್‌ಯಾರ್ಡುಗಳಲ್ಲಿ ಕೆಲಸ ಮಾಡಿ ನಾನು ಕಂಡುಕೊಂಡದ್ದು ಇಷ್ಟೇ.

ಇದು ಕಾರಿಗಿಂತ ಯಾಕೆ ಬೇರೆ ಅಂತ ಮೊದಲು ಹೇಳುತ್ತೇನೆ. ನಾನು ಮಲ್ಪೆಯವನು. ನಮ್ಮ ಕಡೆಯ ಮೀನಿನ ಬೋಟುಗಳಲ್ಲಿ ಪ್ರೊಪೆಲ್ಲರ್ ಬೇರೆ, ಚುಕ್ಕಾಣಿ ಬೇರೆ. ಇಂಜಿನ್ ನಿಂತರೂ ಬೋಟಿಗೆ ಸ್ವಲ್ಪ ವೇಗ ಇರುವವರೆಗೆ ತಾಂಡೇಲ (ಬೋಟು ನಡೆಸುವವನು) ಚುಕ್ಕಾಣಿ ಹಿಡಿದು ಅದನ್ನು ಹೇಗೋ ತಿರುಗಿಸಿಕೊಳ್ಳುತ್ತಾನೆ. ಸ್ಟರ್ನ್‌ಡ್ರೈವ್‌ನಲ್ಲಿ ಚುಕ್ಕಾಣಿಯೇ ಇಲ್ಲ. 1959ರಲ್ಲಿ ವೋಲ್ವೋ ಪೆಂಟಾ ಕಂಪನಿಯ ಅಕ್ವಾಮ್ಯಾಟಿಕ್ ಬಂದಾಗಿನಿಂದ ಇದರ ಉಪಾಯ ಒಂದೇ. ಇಂಜಿನ್ ಬೋಟಿನ ಒಳಗಿರುತ್ತದೆ, ಪ್ರೊಪೆಲ್ಲರ್ ಇರುವ ಇಡೀ ಕಾಲು ಹಿಂದಿನ ಗೋಡೆಯ ಆಚೆ ನೇತಾಡುತ್ತದೆ, ಆ ಕಾಲನ್ನೇ ಎಡಕ್ಕೆ ಬಲಕ್ಕೆ ತಿರುಗಿಸಿ ಬೋಟು ತಿರುಗಿಸುತ್ತೇವೆ. ಹಾಗಾಗಿ ಆ ಕಾಲಿನ ಮೇಲೆ ಹಿಡಿತ ತಪ್ಪಿದರೆ ಕೈಯಲ್ಲಿ ಬೇರೇನೂ ಉಳಿಯುವುದಿಲ್ಲ. ಬ್ರೇಕ್ ಇಲ್ಲ. ಥ್ರಾಟಲ್ ಇಳಿಸಬಹುದು ಅಷ್ಟೇ, ಆದರೆ ಬೋಟು ಅಲ್ಲೇ ನಿಲ್ಲುವುದಿಲ್ಲ. ಲೇನಿಯರ್‌ನಲ್ಲಿ ಜುಲೈ ತಿಂಗಳ ಶನಿವಾರ ಮಧ್ಯಾಹ್ನ ಎಷ್ಟು ಬೋಟು ಇರುತ್ತವೆ ಅಂತ ನಿಮಗೇ ಗೊತ್ತು.

ಈಗ ನಿಮ್ಮ ಲಕ್ಷಣಗಳಿಗೆ ಬರೋಣ. ಅವು ಎಲ್ಲವೂ ಒಂದೇ ಕಾಯಿಲೆಯವು ಅಂತ ಅಂದುಕೊಳ್ಳಬೇಡಿ.

ನಿಧಾನಕ್ಕೆ ಹೋಗುವಾಗ ಮೂತಿ ಅಲೆಯುವುದು ಬಹಳ ಸಲ ಕಾಯಿಲೆಯೇ ಅಲ್ಲ. ಒಂದೇ ಡ್ರೈವ್ ಇರುವ, ತಳ ವಿ ಆಕಾರದಲ್ಲಿರುವ ಬೋಟುಗಳು ಐಡಲ್ ವೇಗದಲ್ಲಿ ಹಾಗೇ. ಹೊಸ ಬೋಟೂ ಅಲೆಯುತ್ತದೆ. ಓಡಿಸುವವರು ಪ್ರತಿ ಅಲೆತಕ್ಕೂ ವೀಲ್ ತಿರುಗಿಸಿ ಸರಿಮಾಡಲು ಹೋಗುತ್ತಾರೆ, ಅದು ಇನ್ನೂ ಜಾಸ್ತಿಯಾಗುತ್ತದೆ. ವೀಲ್ ನೇರ ಹಿಡಿದು ಸುಮ್ನೆ ಬಿಟ್ಟು ನೋಡಿ. ಸ್ವಲ್ಪ ಅತ್ತ ಹೋಗಿ ತಾನೇ ಇತ್ತ ಬಂದರೆ ಅದು ಬೋಟಿನ ಸ್ವಭಾವ. ಈ ಒಂದು ಲಕ್ಷಣಕ್ಕೆ ಹೆದರಿ ಸಾವಿರಾರು ಡಾಲರ್ ಸುರಿದು, ರಿಪೇರಿ ಆದ ಮೇಲೂ ಬೋಟು ಅಲೆಯುವುದನ್ನು ನೋಡಿ ಬೇಜಾರಾದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಹಾಗೆಯೇ, ಟ್ರೈಲರ್ ಮೇಲೆ ಇಂಜಿನ್ ಆಫ್ ಇದ್ದಾಗ ವೀಲ್ ಸ್ವಲ್ಪ ಖಾಲಿ ತಿರುಗುತ್ತದೆ, ಆಮೇಲೆ ಭಾರ ಆಗುತ್ತದೆ. ಪವರ್ ಸ್ಟೀರಿಂಗ್ ಇರುವ ಬೋಟಿನಲ್ಲಿ ಇದು ಸಹಜ. ಕೇಬಲ್ ಮೊದಲು ಒಂದು ವಾಲ್ವ್ ಸರಿಸಬೇಕು, ಪಂಪ್ ಓಡುತ್ತಿದ್ದರೆ ಮಾತ್ರ ಅಲ್ಲಿಂದ ಮುಂದೆ ಸಹಾಯ ಸಿಗುತ್ತದೆ. ಇಂಜಿನ್ ಆಫ್ ಇಟ್ಟು ವೀಲ್ ನೋಡಿ ಯಾರಾದರೂ ಏನು ಹೇಳಿದರೂ ನಂಬಬೇಡಿ.

ಡ್ರೈವ್ ಅಲ್ಲಾಡಿಸಿದಾಗ ಬರುವ ಟಕ್ ಟಕ್ ಮಾತ್ರ ನಿಜವಾದ ಸುಳಿವು. ಆದರೆ ಅದು ಎಲ್ಲಿಂದ ಬರುತ್ತಿದೆ ಅನ್ನೋದು ಮುಖ್ಯ.

ವೀಲ್‌ನಿಂದ ಡ್ರೈವ್‌ವರೆಗಿನ ದಾರಿ ಹೀಗಿದೆ. ವೀಲಿನ ಹಿಂದೆ ಹೆಲ್ಮ್, ಅಂದರೆ ವೀಲಿನ ಗೇರ್ ಪೆಟ್ಟಿಗೆ, ಅಲ್ಲಿಂದ ತಳ್ಳುವ ಎಳೆಯುವ ಒಂದು ದಪ್ಪ ಕೇಬಲ್. ಕೇಬಲ್ ಹಿಂದಕ್ಕೆ ಹೋಗಿ ಪವರ್ ಸ್ಟೀರಿಂಗ್ ಸಿಲಿಂಡರಿಗೆ ಸೇರುತ್ತದೆ. ಸಿಲಿಂಡರ್ ಒಂದು ಲಿವರ್ ತಿರುಗಿಸುತ್ತದೆ. ಆ ಲಿವರ್ ಕೂತಿರುವುದು ಸ್ಟೀಲಿನ ಒಂದು ನೆಟ್ಟಗಿನ ಶಾಫ್ಟ್‌ನ ತಲೆಯ ಮೇಲೆ. ಅದನ್ನು ಸ್ವಿವೆಲ್ ಶಾಫ್ಟ್ ಅನ್ನುತ್ತೇವೆ. ಶಾಫ್ಟ್‌ನ ಕೆಳಗಿನ ಭಾಗ ಚೌಕ. ಆ ಚೌಕ ಜಿಂಬಲ್ ರಿಂಗ್‌ನ ಚೌಕ ತೂತಿನೊಳಗೆ ಕೂರುತ್ತದೆ, ಹೊರಗಿನಿಂದ ಕ್ಲ್ಯಾಂಪ್ ಬೋಲ್ಟುಗಳು ಅದನ್ನು ಬಿಗಿದು ಹಿಡಿಯುತ್ತವೆ. ರಿಂಗ್‌ಗೆ ಬೆಲ್ ಹೌಸಿಂಗ್ ಎಂಬ ಲೋಹದ ಚಿಪ್ಪು ಸೇರಿದೆ, ಬೆಲ್ ಹೌಸಿಂಗ್‌ಗೆ ಡ್ರೈವ್. ಈ ದಾರಿಯ ಯಾವ ಕೀಲು ಸಡಿಲವಾದರೂ ಹೊರಗೆ ಕೇಳುವುದು ಅದೇ ಟಕ್ ಟಕ್.

ಇಲ್ಲಿ ಒಂದು ವಿಷಯ ನೋಡಿ. ಶಾಫ್ಟ್ ಸ್ಟೇನ್‌ಲೆಸ್ ಸ್ಟೀಲ್, ರಿಂಗ್ ಅಲ್ಯುಮಿನಿಯಂ. ಬೋಲ್ಟ್ ಸ್ವಲ್ಪ ಸಡಿಲ ಆದರೂ ಗಟ್ಟಿ ಸ್ಟೀಲಿನ ಮೂಲೆಗಳು ಮೆತ್ತಗಿನ ಅಲ್ಯುಮಿನಿಯಂ ಅನ್ನು ದಿನಾ ಒಂದಿಷ್ಟು ಕೆತ್ತುತ್ತವೆ. ಸವೆದ ರಿಂಗೊಂದನ್ನು ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಚೌಕ ತೂತಿನ ನಾಲ್ಕು ಮೂಲೆಗಳೂ ದುಂಡಗಾಗಿರುತ್ತವೆ. ಗೋಡೆಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ಸಂದಿಯಲ್ಲಿ ಅಲ್ಯುಮಿನಿಯಂ ಪುಡಿ ಗ್ರೀಸಿನ ಜೊತೆ ಸೇರಿ ಬೂದು ಬಣ್ಣದ ಪೇಸ್ಟ್ ಆಗಿರುತ್ತದೆ, ಒದ್ದೆ ವಿಭೂತಿಯ ಹಾಗೆ. ಬೆರಳಿಗೆ ಹತ್ತಿಸಿಕೊಂಡು ಉಜ್ಜಿದರೆ ಸಣ್ಣಗೆ ತರಿ ತರಿ ಸಿಗುತ್ತದೆ. ಆ ತರಿ ಸಿಕ್ಕಿದರೆ ಆ ರಿಂಗ್‌ನ ಆಯಸ್ಸು ಮುಗಿಯಿತು ಅಂತ ಲೆಕ್ಕ.

ನಿಮ್ಮ ಬೋಟಿನಲ್ಲಿ ಹಾಗಾಗಿದೆಯಾ? ಅದನ್ನು ನೋಡಲು ಏನೂ ಬಿಚ್ಚಬೇಕಾಗಿಲ್ಲ, ಇಬ್ಬರು ಇದ್ದರೆ ಸಾಕು. ನಿಮ್ಮ ಹೆಂಡತಿಯನ್ನೇ ಕರೆಯಿರಿ. ಅವರು ಬೇಡ ಅನ್ನುವುದರಲ್ಲಿ ತಪ್ಪೇನಿಲ್ಲ. ಸಡಿಲ ಎಲ್ಲಿದೆ ಅಂತ ಇಬ್ಬರೂ ಕಣ್ಣಾರೆ ನೋಡಿದರೆ ಮುಂದಿನ ಮಾತುಕತೆಯೂ ಸುಲಭ.

ಬೋಟು ಟ್ರೈಲರ್ ಮೇಲಿರಲಿ, ಡ್ರೈವ್ ಕೆಳಗಿಳಿದಿರಲಿ, ಕೀ ನಿಮ್ಮ ಜೇಬಿನಲ್ಲಿರಲಿ. ಒಬ್ಬರು ಡ್ರೈವಿನ ತಳದ ರೆಕ್ಕೆಯನ್ನು, ಅಂದರೆ ಸ್ಕೆಗ್ ಅನ್ನು, ಹಿಡಿದು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲ್ಲಾಡಿಸಲಿ. ಜೋರು ಬೇಡ, ಆ ಸಡಿಲ ಇರುವಷ್ಟೇ. ಇನ್ನೊಬ್ಬರು ಮೊದಲು ಹೊರಗಿನಿಂದ ರಿಂಗ್ ನೋಡಲಿ. ಡ್ರೈವ್ ಅಲ್ಲಾಡುತ್ತಿದೆ, ರಿಂಗ್ ಮಿಸುಕುತ್ತಿಲ್ಲ ಅಂದರೆ ತೊಂದರೆ ಬೆಲ್ ಹೌಸಿಂಗ್ ಅನ್ನು ರಿಂಗ್‌ಗೆ ಹಿಡಿದಿರುವ ಹಿಂಜ್ ಪಿನ್ ಹತ್ತಿರ ಇದೆ. ಅದು ಹೊರಗಡೆಯ ಕೆಲಸ, ಇಂಜಿನ್ ಮುಟ್ಟಬೇಕಾಗಿಲ್ಲ. ರಿಂಗೂ ಜೊತೆಗೆ ಅಲ್ಲಾಡುತ್ತಿದ್ದರೆ ರಿಂಗ್‌ನ ತಲೆಯ ಹತ್ತಿರ ನೋಡಿ. ಅಲ್ಲಿ ಸಣ್ಣ ಸಂದಿಯಲ್ಲಿ ಶಾಫ್ಟ್ ಕಾಣುತ್ತದೆ. ಒರೆಸಿ, ಮಾರ್ಕರ್ ಪೆನ್ನಿನಲ್ಲಿ ಶಾಫ್ಟ್ ಮೇಲಿಂದ ರಿಂಗ್ ಮೇಲಕ್ಕೆ ಒಂದು ನೇರ ಗೆರೆ ಎಳೆಯಿರಿ. ಮತ್ತೆ ಅಲ್ಲಾಡಿಸಿ. ಗೆರೆ ಮುರಿದು ಎರಡಾಗುತ್ತಿದ್ದರೆ ರಿಂಗೇ ಶಾಫ್ಟ್ ಮೇಲೆ ಜಾರುತ್ತಿದೆ, ಅಂಗಡಿಯವರು ಹೇಳಿದ್ದು ಸರಿ. ಗೆರೆ ಮುರಿಯದೆ ಶಾಫ್ಟೂ ರಿಂಗಿನ ಜೊತೆಗೇ ತಿರುಗುತ್ತಿದ್ದರೆ ಒಳಗೆ ಹೋಗಿ ಲಿವರ್ ನೋಡಿ. ಶಾಫ್ಟ್ ತಿರುಗಿದರೂ ಲಿವರ್ ನಿಂತಲ್ಲೇ ಇದ್ದರೆ ಲಿವರ್ ಮತ್ತು ಶಾಫ್ಟ್ ನಡುವಿನ ಜೋಡಣೆ ಸಡಿಲ. ಲಿವರೂ ಓಡಾಡುತ್ತಿದ್ದರೆ ಸಡಿಲ ಇನ್ನೂ ಮುಂದಕ್ಕಿದೆ: ಸಿಲಿಂಡರಿನ ಪಿನ್‌ಗಳಲ್ಲಿ, ಕೇಬಲ್‌ನಲ್ಲಿ ಅಥವಾ ಹೆಲ್ಮ್‌ನಲ್ಲಿ.

ಕೊನೆಗೊಮ್ಮೆ ಡ್ರೈವನ್ನು ಮೇಲಕ್ಕೆತ್ತುವ ಹಾಗೆ ಒತ್ತಿ. ರಿಂಗ್ ಮೇಲೆ ಕೆಳಗೆ ಕುಲುಕಿದರೆ ಶಾಫ್ಟ್‌ನ ಬುಶ್‌ಗಳೂ, ಅಂದರೆ ಅದು ತಿರುಗುವ ಬಳೆಗಳೂ, ಹೋಗಿವೆ.

ಅರ್ಧ ಗಂಟೆಯ ಈ ಪರೀಕ್ಷೆ ಆದ ಮೇಲೆ ನೀವು ಯಾರ ಹತ್ತಿರ ಮಾತಾಡಿದರೂ ಗಟ್ಟಿಯಾಗಿ ಮಾತಾಡಬಹುದು.

ಬಿಲ್ಜ್‌ನ ನೀರು ನನಗೆ ಸ್ಟೀರಿಂಗ್‌ಗಿಂತ ಜಾಸ್ತಿ ಚಿಂತೆ ಕೊಡುತ್ತದೆ. ಬೋಟಿನ ಹಿಂದಿನ ಗೋಡೆಗೆ ಹೊರಗಿನಿಂದ ಕೂರಿಸಿದ ಲೋಹದ ಭಾಗ ಜಿಂಬಲ್ ಹೌಸಿಂಗ್. ಸ್ವಿವೆಲ್ ಶಾಫ್ಟ್ ಅದರ ಮೂಲಕ ಕೆಳಕ್ಕೆ ಇಳಿಯುವಲ್ಲಿ ಒಂದು ಸೀಲ್ ಇದೆ. ಬುಶ್ ಸವೆದು ಶಾಫ್ಟ್ ಓಲಾಡಲು ಶುರುವಾದರೆ ಸೀಲ್ ಬಾಯಿ ಬಿಡುತ್ತದೆ. ಓಡುವಾಗ, ಅದರಲ್ಲೂ ರಿವರ್ಸ್ ಹಾಕಿದಾಗ, ನೀರು ಅಲ್ಲಿಂದ ಒಳಗೆ ಇಳಿಯುತ್ತದೆ. ಒಂದೆರಡು ಚೊಂಬು ನೀರಿಗೆ ಇದು ಹೊಂದುತ್ತದೆ. ಆದರೆ ಅದೇ ನೀರು ಬೆಲೋಸ್‌ನಿಂದಲೂ ಬರುತ್ತಿರಬಹುದು. ಡ್ರೈವ್ ಮತ್ತು ಬೋಟಿನ ನಡುವೆ ಮಡಿಕೆ ಮಡಿಕೆಯಾಗಿ ಇರುತ್ತದಲ್ಲ, ಆ ರಬ್ಬರ್ ಕೊಳವೆ. ಅದು ನೀರಿನ ಮಟ್ಟಕ್ಕಿಂತ ಕೆಳಗಿದೆ. ಅದರಲ್ಲಿ ಸೀಳು ಬಿದ್ದರೆ ಕಟ್ಟಿಹಾಕಿದ ಬೋಟು ರಾತ್ರೋರಾತ್ರಿ ಮುಳುಗುತ್ತದೆ. ಆಟೋಮ್ಯಾಟಿಕ್ ಬಿಲ್ಜ್ ಪಂಪ್ ಇದ್ದರೆ ಅದು ನೀರನ್ನು ಆಚೆ ಹಾಕುತ್ತಾ ಈ ಸುದ್ದಿಯನ್ನು ನಿಮ್ಮಿಂದ ಮುಚ್ಚಿಡುತ್ತದೆ. ಬೋಟು ನೀರಿಗೆ ಇಳಿಸಿ, ದಡಕ್ಕೆ ಕಟ್ಟಿ, ಬಿಲ್ಜ್ ಒಣಗಿಸಿ ಒರೆಸಿ, ಟಾರ್ಚ್ ಹಿಡಿದು ಹತ್ತು ನಿಮಿಷ ಕೂತು ನೋಡಿ. ನಿಂತಿರುವಾಗಲೇ ನೀರು ಬಂದರೆ ಬೆಲೋಸ್ ಮೇಲೆ ಅನುಮಾನ. ಓಡಿಸಿದಾಗ ಮಾತ್ರ ಮೇಲಿಂದ ಗೆರೆಯಾಗಿ ಇಳಿದಿದ್ದರೆ ಶಾಫ್ಟ್ ಸೀಲ್ ಮೇಲೆ.

ಪರೀಕ್ಷೆಯಲ್ಲಿ ರಿಂಗೇ ಜಾರುತ್ತಿದೆ ಅಂತ ಗೊತ್ತಾಯಿತು ಅಂತ ಇಟ್ಟುಕೊಳ್ಳೋಣ. ಮುಂದೇನು?

ಮೊದಲು ಟಾರ್ಕ್ ರೆಂಚ್ ತಗೊಂಡು, ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನ್ಯುಯಲ್ ಹೇಳುವ ಅಳತೆಗೆ ಕ್ಲ್ಯಾಂಪ್ ಬೋಲ್ಟುಗಳನ್ನು ಬಿಗಿಯಿರಿ. ಅಂದಾಜಿನಲ್ಲಿ ಬೇಡ. ಇದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಕೆಲವೊಮ್ಮೆ ಇಷ್ಟರಲ್ಲೇ ಸರಿಹೋಗುತ್ತದೆ, ಯಾಕೆಂದರೆ ಮೂಲೆಗಳು ಇನ್ನೂ ಸವೆದಿರುವುದಿಲ್ಲ. ಮಾರ್ಕರ್ ಗೆರೆ ಮತ್ತೆ ಹೊಸದಾಗಿ ಎಳೆದು, ಎರಡು ಸಲ ಓಡಿಸಿ ಬಂದು ನೋಡಿ. ಗೆರೆ ಹಾಗೇ ಇದ್ದರೆ ಈ ಸೀಸನ್ ಮುಗಿಯುವವರೆಗೆ ಪ್ರತಿ ಸಲ ನೋಡುತ್ತಾ ಓಡಿಸಬಹುದು. ಮತ್ತೆ ಸಡಿಲ ಆದರೆ ಮತ್ತೆ ಮತ್ತೆ ಬಿಗಿಯುತ್ತಾ ಹೋಗಬೇಡಿ. ತೂತು ದುಂಡಗಾದ ಮೇಲೆ ಎಷ್ಟು ಬಿಗಿದರೂ ಹಿಡಿಯುವುದಿಲ್ಲ. ಜಾಸ್ತಿ ಬಿಗಿದರೆ ರಿಂಗ್‌ನ ಕಿವಿಗಳು ಸೀಳುತ್ತವೆ. ಒಬ್ಬರು ಹಾಗೇ ಬಿಗಿದು ಬಿಗಿದು ಒಂದು ಬೇಸಿಗೆ ದಾಟಿಸಿದ್ದರು. ಆ ಬೋಟು ನನ್ನ ಹತ್ತಿರ ಬಂದಾಗ ಬೋಲ್ಟಿನ ತಲೆಯ ಕೆಳಗೆ ಕೂದಲಿನಷ್ಟು ತೆಳ್ಳಗಿನ ಬಿರುಕಿತ್ತು. ಪೇಂಟ್ ಕೆರೆದಾಗಲೇ ಕಂಡದ್ದು. ಹಿಂದಿನ ವಾರವಷ್ಟೇ ಅವರು ಮಗಳನ್ನು ಗಾಳಿ ತುಂಬಿದ ಟ್ಯೂಬ್ ಮೇಲೆ ಕೂರಿಸಿ ಬೋಟಿನ ಹಿಂದೆ ಎಳೆದಿದ್ದರು. ಅದನ್ನು ತೋರಿಸಿದಾಗ ಅವರು ತುಂಬ ಹೊತ್ತು ಏನೂ ಮಾತಾಡಲಿಲ್ಲ.

ತೂತಿಗೆ ಎಪಾಕ್ಸಿ ತುಂಬುವುದು, ಸಂದಿಗೆ ತಗಡು ತುರುಕುವುದು, ಶಾಫ್ಟ್ ಅನ್ನು ರಿಂಗ್‌ಗೆ ವೆಲ್ಡ್ ಮಾಡುವುದು, ಇವುಗಳ ಬಗ್ಗೆ ನೀವು ಕೇಳಿಲ್ಲ. ಆದರೆ ಹುಡುಕುತ್ತಾ ಹೋದರೆ ಸಿಕ್ಕೇ ಸಿಗುತ್ತವೆ. ದಯವಿಟ್ಟು ಬೇಡ. ಇವು ಸಡಿಲವನ್ನು ಮುಚ್ಚುತ್ತವೆ, ಬಲ ಕೊಡುವುದಿಲ್ಲ.

ಇನ್ನು ದೊಡ್ಡ ಕೆಲಸ. ರಿಂಗ್, ಶಾಫ್ಟ್, ಬುಶ್, ಸೀಲ್ ಎಲ್ಲ ಬದಲಿಸಬೇಕು. ಅಂಗಡಿಯವರು ಇಂಜಿನ್ ಇಳಿಸಬೇಕು ಅಂದಿದ್ದು ಮೋಸ ಅಲ್ಲ. ಶಾಫ್ಟ್‌ನ ತಲೆಯಲ್ಲಿ ಲಿವರ್ ಹಿಡಿದಿರುವ ಜಾಗ ಒಳಗಿದೆ, ಅದರ ಎದುರಿಗೆ ಸುಮಾರು ಮುನ್ನೂರು ಕಿಲೋದ ಇಂಜಿನ್ ಇದೆ. ಇಂಜಿನ್ ಇಳಿಸಿ, ಹಿಂದಿನ ಗೋಡೆಯ ಜೋಡಣೆ ಪೂರ್ತಿ ಬಿಚ್ಚಿ ಮಾಡುವುದೇ ಮೂಲ ಕ್ರಮ. ಅವರು ಹೇಳಿದ ಬೆಲೆಯಲ್ಲಿ ಹೆಚ್ಚಿನ ಪಾಲು ಈ ಕೂಲಿಯೇ. ಆ ಕ್ರಮಕ್ಕೆ ಒಂದು ದೊಡ್ಡ ಲಾಭ ಇದೆ. ಹಿಂದಿನ ಗೋಡೆ, ಅಂದರೆ ಟ್ರಾನ್ಸಮ್, ಒಳಗಿನಿಂದ ಪೂರ್ತಿ ಕಾಣುತ್ತದೆ. ನಿಮ್ಮ ಬೋಟಿನ ಕಾಲದ ಬಹಳಷ್ಟು ಬೋಟುಗಳ ಟ್ರಾನ್ಸಮ್ ಒಳಗೆ ಪ್ಲೈವುಡ್ ಇರುತ್ತದೆ. ನೀರು ಜಿನುಗಿದ ಬೋಟಿನಲ್ಲಿ ಆ ಮರ ಕೊಳೆತಿರಬಹುದು. ಕೊಳೆತ ಮರದ ಮೇಲೆ ಹೊಸ ರಿಂಗ್ ಹಾಕಿ ಏನು ಪ್ರಯೋಜನ? ದುಡ್ಡು ಖರ್ಚು ಮಾಡುವ ಮೊದಲು ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಟ್ರಾನ್ಸಮ್ ಅನ್ನು ಎಲ್ಲ ಕಡೆ ತಟ್ಟಿ ನೋಡಿ. ಗಟ್ಟಿ ಮರ ಟಣ್ ಅನ್ನುತ್ತದೆ, ಕೊಳೆತದ್ದು ಹಣ್ಣಾದ ಹಲಸಿನಕಾಯಿ ತಟ್ಟಿದ ಹಾಗೆ ಮೆತ್ತಗೆ ದಬ್ ಅನ್ನುತ್ತದೆ. ದಬ್ ಅಂದರೆ ಈ ಲೆಕ್ಕಾಚಾರ ಎಲ್ಲ ಬಿಟ್ಟು, ಈ ಬೋಟನ್ನು ಇಟ್ಟುಕೊಳ್ಳಬೇಕಾ ಅಂತ ಯೋಚಿಸಿ.

ನೀವು ವಿಡಿಯೋದಲ್ಲಿ ನೋಡಿದ ತೂತಿನ ದಾರಿ ಕಳ್ಳದಾರಿ ಅಲ್ಲ. ನಾನೂ ಮಾಡಿದ್ದೇನೆ. ಹೊರಗಿನ ಜಿಂಬಲ್ ಹೌಸಿಂಗ್‌ನ ಪಕ್ಕದಲ್ಲಿ, ಲೆಕ್ಕ ಹಾಕಿದ ಜಾಗದಲ್ಲಿ ತೂತು ಕೊರೆದು, ಅದರಿಂದ ಸಾಕೆಟ್ ತೂರಿಸಿ ಲಿವರ್ ಬಿಚ್ಚುವುದು, ಆಮೇಲೆ ತೂತಿಗೆ ಚೂಡಿ (ಬೋಲ್ಟಿನ ಎಳೆ) ಹಾಕಿ ಪ್ಲಗ್ ಕೂರಿಸುವುದು. ಇದಕ್ಕೆಂದೇ ಟೆಂಪ್ಲೇಟ್ ಮತ್ತು ಪ್ಲಗ್ ಇರುವ ಕಿಟ್‌ಗಳು ಸಿಗುತ್ತವೆ. ಇಂಜಿನ್ ಇಳಿಸುವ ಖರ್ಚು ಉಳಿಯುತ್ತದೆ. ಆದರೆ ವಿಡಿಯೋದಲ್ಲಿ ಕಾಣದ ಕೆಲವು ಸಂಗತಿ ಇವೆ. ಡ್ರಿಲ್ ಅರ್ಧ ಇಂಚು ತಪ್ಪಿದರೆ ಹೌಸಿಂಗ್ ಹಾಳು. ಆಗ ಇಂಜಿನ್ ಇಳಿಸಲೇಬೇಕು, ಅದರ ಮೇಲೆ ಹೊಸ ಹೌಸಿಂಗ್ ದುಡ್ಡು ಬೇರೆ. ಕೊರೆದ ಚೂರುಗಳು ಒಳಗೆ ಬೀಳದ ಹಾಗೆ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಲಿವರ್ ಹಿಡಿಯುವ ನಟ್ ಅನ್ನು ಕಣ್ಣಿಗೆ ಸರಿಯಾಗಿ ಕಾಣದ ಜಾಗದಲ್ಲಿ, ಕೈ ತಿರುಗಲು ಜಾಗವಿಲ್ಲದ ಕಡೆ ಸರಿಯಾದ ಟಾರ್ಕ್‌ಗೆ ಬಿಗಿಯಬೇಕು. ನಾನು ಆಗಲೇ ಹೇಳಿದ ಮಾತು ಇಲ್ಲಿಗೇ ಅನ್ವಯ. ಅದು ಗಟ್ಟಿಯಾಗಿದೆ ಅಂತ ಮೊದಲ ಸಲ ಮಾಡುವವರು ತಮಗೆ ತಾವೇ ತೋರಿಸಿಕೊಳ್ಳುವುದು ಕಷ್ಟ.

ವಿಡಿಯೋದವರ ಬೋಟು ಸ್ವಚ್ಛವಾಗಿರುತ್ತದೆ ಅಥವಾ ಮೊದಲೇ ಒಂದು ಸಲ ಬಿಚ್ಚಿದ್ದಾಗಿರುತ್ತದೆ. ಲೇನಿಯರ್ ಸಿಹಿನೀರು, ಅದು ನಿಮ್ಮ ಅದೃಷ್ಟ. ಆದರೆ ನಿಮಗಿಂತ ಮೊದಲು ಈ ಬೋಟು ಫ್ಲಾರಿಡಾದ ಉಪ್ಪುನೀರಿನಲ್ಲಿ ಇತ್ತಾ? ಬೋಲ್ಟುಗಳ ಸುತ್ತ ಬಿಳಿ ಪುಡಿ, ಪೇಂಟ್ ಗುಳ್ಳೆ ಎದ್ದಿರುವುದು ಕಂಡರೆ ಇದ್ದಿರಬಹುದು ಅಂತ ತಿಳಿಯಿರಿ. ಉಪ್ಪು ಕಂಡ ಅಲ್ಯುಮಿನಿಯಂ ಸ್ಟೀಲನ್ನು ಕಚ್ಚಿ ಹಿಡಿಯುತ್ತದೆ. ಆಗ ಒಂದು ದಿನದ ಕೆಲಸ ನಾಲ್ಕು ವಾರಾಂತ್ಯಕ್ಕೆ ಹೋಗುತ್ತದೆ.

ನಿಮಗೆ ನಾನು ಹೇಳುವುದು ಕೆಲಸವನ್ನು ಹಂಚಿಕೊಳ್ಳಿ ಅಂತ. ಡ್ರೈವ್ ಬಿಚ್ಚುವುದು, ಬೆಲ್ ಹೌಸಿಂಗ್ ಬಿಚ್ಚುವುದು, ಬೆಲೋಸ್ ಮೂರನ್ನೂ ಬದಲಿಸುವುದು, ಇಂಜಿನ್‌ನಿಂದ ಡ್ರೈವ್‌ಗೆ ಹೋಗುವ ಶಾಫ್ಟ್ ಹಿಡಿಯುವ ಜಿಂಬಲ್ ಬೇರಿಂಗ್ ನೋಡುವುದು, ಇವೆಲ್ಲ ಹೊರಗೆ ಕಣ್ಣಿಗೆ ಕಾಣುವ ಕೆಲಸ. ಮ್ಯಾನ್ಯುಯಲ್ ಪಕ್ಕದಲ್ಲಿಟ್ಟುಕೊಂಡು ನೀವೇ ಮಾಡಿ. ಹಿಂಜ್ ಪಿನ್ ಬಿಚ್ಚುವ ಟೂಲ್, ಇಂಜಿನ್ ಅಲೈನ್‌ಮೆಂಟ್ ಬಾರ್, ಬೆಲೋಸ್ ಕೂರಿಸುವ ಟೂಲ್ ಬೇಕಾಗುತ್ತವೆ. ಆಲ್ಫಾ ಡ್ರೈವ್ ತೆಗೆಯುವಾಗಲೂ ಹಾಕುವಾಗಲೂ ಫಾರ್ವರ್ಡ್ ಗೇರ್‌ನಲ್ಲಿರಬೇಕು, ಇದನ್ನು ಮರೆತು ಶಿಫ್ಟ್ ಭಾಗ ಮುರಿದುಕೊಂಡವರು ಬಹಳ. ಡ್ರೈವ್ ಒಬ್ಬರೇ ಎತ್ತಬೇಡಿ, ಅದಕ್ಕೆ ಸ್ಟ್ಯಾಂಡ್ ಇಡಿ. ರಿಂಗ್, ಶಾಫ್ಟ್, ಲಿವರ್ ಈ ಮೂರರ ಜೋಡಣೆಯನ್ನು ಮಾತ್ರ ಇದನ್ನು ಹಲವು ಸಲ ಮಾಡಿದವರ ಕೈಗೆ ಕೊಡಿ. ಮನೆಗೇ ಬಂದು ಮಾಡುವ ಮರೀನ್ ಮೆಕ್ಯಾನಿಕ್‌ಗಳು ಸಿಗುತ್ತಾರೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಅವರಿಗೂ ಪುರುಸೊತ್ತು ಇರುತ್ತದೆ, ಬೆಲೆಯೂ ಮಾತಾಡಬಹುದು. ನೀವು ಪಕ್ಕದಲ್ಲೇ ನಿಂತು ನೋಡಿ. ಮುಂದಿನ ಸಲ ನಿಮ್ಮ ಕೈಲೇ ಆಗುತ್ತದೆ.

ಅಂಗಡಿಗೇ ಪೂರ್ತಿ ಕೊಡುವುದಾದರೆ 3,400 ಡಾಲರ್‌ನಲ್ಲಿ ಏನೇನು ಸೇರಿದೆ ಅಂತ ಬರೆಸಿಕೊಳ್ಳಿ. ಬೆಲೋಸ್, ಜಿಂಬಲ್ ಬೇರಿಂಗ್, ವಾಟರ್ ಹೋಸ್, ಅಲೈನ್‌ಮೆಂಟ್ ಎಲ್ಲ ಸೇರಿದ್ದರೆ ಅದು ಅನ್ಯಾಯದ ಬೆಲೆ ಅಲ್ಲ. ಬರೀ ರಿಂಗ್ ಮತ್ತು ಸೀಲ್ ಅಂದರೆ ಇನ್ನೊಂದು ಕಡೆ ಕೇಳಿ, ತೂತಿನ ದಾರಿಯಲ್ಲಿ ಮಾಡುತ್ತೀರಾ ಅಂತಲೂ ಕೇಳಿ.

ಒಂದು ವೇಳೆ ಪರೀಕ್ಷೆಯಲ್ಲಿ ತೊಂದರೆ ಕೇಬಲ್‌ನದ್ದು ಅಂತ ಗೊತ್ತಾದರೆ, ಪೂರ್ತಿ ನೀವೇ ಮಾಡಿ. ಕೇಬಲ್ ಬದಲಿಸುವುದು ಒಂದು ದಿನದ ಕೆಲಸ. ಹಳೆಯದರ ಉದ್ದ ಸರಿಯಾಗಿ ಅಳೆದು ತರಿಸಿ. ಸ್ಟೀರಿಂಗ್‌ನಲ್ಲಿ ಒಮ್ಮೆ ಬಿಚ್ಚಿದ ಕಾಟರ್ ಪಿನ್, ಲಾಕ್ ನಟ್ ಮತ್ತೆ ಹಾಕಬೇಡಿ, ಹೊಸದೇ ಹಾಕಿ. ಇನ್ನೊಂದು ಮಾತು ನನ್ನ ಸ್ವಂತ ಅನುಭವದ್ದು. ಕೇಬಲ್‌ಗೆ ಗ್ರೀಸ್ ಹೊಡೆಯುವಾಗ ಅದರ ರಾಡ್ ಪೂರ್ತಿ ಒಳಗೆ ಹೋಗಿರಬೇಕು. ಕೆಲಸ ಕಲಿಯುತ್ತಿದ್ದಾಗ ನಾನು ರಾಡ್ ಹೊರಗಿರುವಾಗಲೇ ಗನ್ ಒತ್ತಿದೆ. ಒಳಗೆ ತುಂಬಿದ ಗ್ರೀಸಿಗೆ ಹೋಗಲು ಜಾಗ ಇರಲಿಲ್ಲ. ವೀಲ್ ಒಂದು ಕಡೆ ಕಲ್ಲಿನ ಹಾಗೆ ನಿಂತುಬಿಟ್ಟಿತು. ಬೋಟು ನೆಲದ ಮೇಲಿತ್ತು, ಬಚಾವಾದೆ. ಅದೇ ನೀರಿನ ಮೇಲೆ ತಿರುವಿನಲ್ಲಿ ಆಗಿದ್ದರೆ ಅಂತ ಈಗಲೂ ನೆನಪಾಗುತ್ತದೆ.

ಯಾವ ಕೆಲಸಕ್ಕೆ ಕೈ ಹಾಕಿದರೂ ಮೊದಲು ಬ್ಯಾಟರಿ ಬಿಚ್ಚಿ, ಇಂಜಿನ್ ಬಾಗಿಲು ತೆರೆದಿಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ, ಕಾರಿನಲ್ಲಿ ಆಗುವ ಹಾಗೆ ಹೊರಗಿನ ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಮತ್ತೆ ಸ್ಟಾರ್ಟ್ ಮಾಡುವ ಮೊದಲು ಆವಿಯನ್ನು ಹೊರಗೆ ತಳ್ಳುವ ಫ್ಯಾನ್, ಅಂದರೆ ಬ್ಲೋವರ್, ಕನಿಷ್ಠ ನಾಲ್ಕು ನಿಮಿಷ ಓಡಲಿ.

ರಿಪೇರಿ ಯಾರೇ ಮಾಡಲಿ, ಮೊದಲ ಓಟಕ್ಕೆ ಮಕ್ಕಳು ಬೇಡ. ಜನ ಕಡಿಮೆ ಇರುವ ಒಂದು ವಾರದ ದಿನ, ಬೆಳಗ್ಗೆ, ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಇಬ್ಬರೂ ಲೈಫ್ ಜಾಕೆಟ್ ಹಾಕಿ. ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್‌ನ ದಾರ ನಿಮ್ಮ ಜಾಕೆಟ್‌ಗೆ ಸಿಕ್ಕಿರಲಿ. 26 ಅಡಿಗಿಂತ ಚಿಕ್ಕ ಬೋಟಿನಲ್ಲಿ ಆ ಸ್ವಿಚ್ ಇದ್ದರೆ, ವೇಗವಾಗಿ ಓಡಿಸುವಾಗ ಅದನ್ನು ಹಾಕಿಕೊಳ್ಳುವುದು 2021ರ ಏಪ್ರಿಲ್ 1ರಿಂದ ಅಮೆರಿಕದಲ್ಲಿ ಕಾನೂನು ಕೂಡ. ದಡದ ಹತ್ತಿರ ಐಡಲ್‌ನಲ್ಲಿ ವೀಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಎಲ್ಲೂ ಕಚ್ಚಬಾರದು. ರಿವರ್ಸ್‌ನಲ್ಲೂ ಹಾಗೇ ಮಾಡಿ, ಹಾಗೇ ಬಿಲ್ಜ್‌ಗೆ ಟಾರ್ಚ್ ಬಿಟ್ಟು ನೋಡಿ. ಆಮೇಲೆ ಮೆಲ್ಲಗೆ ವೇಗ ಏರಿಸಿ, ಅಗಲವಾದ ತಿರುವುಗಳಿಂದ ಶುರು ಮಾಡಿ. ಒಂದು ಗಂಟೆ ಓಡಿಸಿ ಟ್ರೈಲರ್ ಮೇಲೆ ಎಳೆದು, ಹೊರಡುವ ಮೊದಲು ಶಾಫ್ಟ್ ಮೇಲಿಂದ ರಿಂಗ್ ಮೇಲಕ್ಕೆ ಎಳೆದಿದ್ದ ಮಾರ್ಕರ್ ಗೆರೆಯನ್ನು ಇಬ್ಬರೂ ನೋಡಿ. ನೇರವಾಗಿದ್ದರೆ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ಕೂದಲಷ್ಟು ಸರಿದಿದ್ದರೂ ಬೋಟು ಟ್ರೈಲರ್ ಮೇಲೇ ಇರಲಿ, ನನಗೊಂದು ಫೋಟೋ ಕಳಿಸಿ.